ಶ್ರವಣಭಕ್ತಿಗೆ ದ್ವಾರವಾದ ಕಿವಿ

ನವವಿಧ ಭಕ್ತಿಗಳನ್ನು ಎಣಿಸುವಾಗ ಪ್ರಹ್ಲಾದರಾಜರು ಶ್ರವಣವನ್ನೇ ಮೊದಲು ಹೇಳಿದರು. ಅವರು ತಾಯಿ ಕಯಾಧುವಿನ ಗರ್ಭದಲ್ಲಿದ್ದಾಗಲೇ ನಾರದರ ಉಪದೇಶವನ್ನು ಕೇಳಿದವರು. ಗರ್ಭಸ್ಥ ಶಿಶುವು ಆರನೆಯ ತಿಂಗಳು ಕಳೆಯುವ ವೇಳೆಗೆ ಹೊರಗಿನ ಧ್ವನಿಗೆ ಸ್ಪಂದಿಸತೊಡಗುತ್ತದೆಂದು ಇಂದಿನ ವೈದ್ಯರೂ ಹೇಳುತ್ತಾರೆ. ಪ್ರಹ್ಲಾದರ ಮಹಿಮೆಗೆ ಈ ಸಾಕ್ಷ್ಯವೇನೂ ಬೇಕಾಗಿಲ್ಲ; ಆದರೆ ಭಗವಂತನು ಶ್ರವಣಕ್ಕೆಂದು ಕರುಣಿಸಿದ ಈ ಸಾಧನವು ಹೇಗೆ ಕೆಲಸಮಾಡುತ್ತದೆಂಬುದನ್ನು ತಿಳಿಯುವುದು ನಮಗೆ ಉಚಿತವೇ ಆಗಿದೆ.

ಹೊರಗೆ ಕಾಣುವ ಕಿವಿಯು ಶಬ್ದದ ಅಲೆಗಳನ್ನು ಸಂಗ್ರಹಿಸಿ ಸುಮಾರು ಎರಡೂವರೆ ಸೆಂಟಿಮೀಟರಿನ ನಾಳದೊಳಗೆ ಕಳುಹಿಸುತ್ತದೆ. ನಾಳದ ಕೊನೆಯಲ್ಲಿ ಕಿವಿಯ ತಮಟೆ ಇದೆ. ಅದರ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ. ತಮಟೆ ಕಂಪಿಸಿದಾಗ ಅದಕ್ಕೆ ಅಂಟಿಕೊಂಡ ಮೂರು ಪುಟ್ಟ ಮೂಳೆಗಳು ಕಂಪಿಸುತ್ತವೆ. ಕುದುರೆಯ ರಿಕಾಪಿನಂತಿರುವ ಮೂರನೆಯದು ನಮ್ಮ ದೇಹದ ಮೂಳೆಗಳಲ್ಲೆಲ್ಲ ಅತಿ ಚಿಕ್ಕದು. ಈ ಮೂಳೆಗಳೇಕೆ? ಒಳಗಿವಿಯಲ್ಲಿರುವುದು ದ್ರವ. ಗಾಳಿಯಲ್ಲಿ ಬಂದ ಶಬ್ದವು ನೇರವಾಗಿ ದ್ರವಕ್ಕೆ ತಾಗಿದರೆ ಬಹುಪಾಲು ಹಿಂದಿರುಗಿಬಿಡುತ್ತದೆ. ಕೆರೆಯಲ್ಲಿ ಮುಳುಗಿದವನಿಗೆ ದಡದವರ ಕೂಗು ಕೇಳಿಸದಂತೆ. ಅಗಲವಾದ ತಮಟೆಯ ಮೇಲೆ ಬಿದ್ದ ಬಲವನ್ನು ಈ ಮೂಳೆಗಳು ಕಿರಿದಾದ ಕಿಂಡಿಯ ಮೇಲೆ ಕೇಂದ್ರೀಕರಿಸಿ, ಒತ್ತಡವನ್ನು ಸುಮಾರು ಇಪ್ಪತ್ತು ಪಟ್ಟು ಹೆಚ್ಚಿಸುತ್ತವೆ.

ಆ ಕಿಂಡಿಯಿಂದಾಚೆಗೆ ಇರುವುದೇ ಸುಮಾರು ಎರಡೂವರೆ ಸುತ್ತಿನ ಶಂಖ. ಅದರ ಉದ್ದಕ್ಕೂ ಹಾಸಿದ ಪೊರೆಯ ಮೇಲೆ ಸೂಕ್ಷ್ಮ ರೋಮಕೋಶಗಳ ಸಾಲುಗಳಿವೆ; ಒಂದು ಕಿವಿಯಲ್ಲಿ ಸುಮಾರು ಹದಿನೈದು ಸಾವಿರ. ದ್ರವದಲ್ಲಿ ಎದ್ದ ಅಲೆಗೆ ರೋಮಗಳು ಬಾಗುತ್ತವೆ, ಬಾಗಿದೊಡನೆ ನರದಲ್ಲಿ ವಿದ್ಯುತ್ಸಂಕೇತವೆದ್ದು ಮಿದುಳಿಗೆ ಸಾಗುತ್ತದೆ. ಎತ್ತರದ ಸ್ವರಗಳು ಶಂಖದ ದ್ವಾರದ ಬಳಿಯಲ್ಲಿಯೂ ಮಂದ್ರಸ್ವರಗಳು ಅದರ ತುದಿಯಲ್ಲಿಯೂ ಪೊರೆಯನ್ನು ಹೆಚ್ಚು ಅಲುಗಿಸುತ್ತವೆ. ಈ ಅಲೆಯ ನಡೆಯನ್ನು ಶೋಧಿಸಿದ ಬೆಕೇಶಿ ಎಂಬ ವಿಜ್ಞಾನಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ದಿಕ್ಕುಗಳು ಶ್ರೋತ್ರವಾಗಿ ಕಿವಿಗಳನ್ನು ಪ್ರವೇಶಿಸಿದವೆಂದು ಐತರೇಯೋಪನಿಷತ್ತು ಹೇಳುತ್ತದೆ. ಬಲಗಡೆಯಿಂದ ಬಂದ ಧ್ವನಿಯು ಎಡಗಿವಿಯನ್ನು ಮುಟ್ಟಲು ಒಂದು ಸೆಕೆಂಡಿನ ಸಾವಿರದೊಂದಂಶಕ್ಕಿಂತಲೂ ಕಡಿಮೆ ಕಾಲ ತಡವಾಗುತ್ತದೆ. ಅಷ್ಟು ಅಂತರದಿಂದಲೇ ಮಿದುಳು ದಿಕ್ಕನ್ನು ಗುರುತಿಸುತ್ತದೆ. ಕಿವಿಗೂ ದಿಕ್ಕಿಗೂ ಇರುವ ನಂಟನ್ನು ಶ್ರುತಿಯಲ್ಲಿ ಓದಿದ ನಮಗೆ ಇದು ಸಂತೋಷದ ಸಂಗತಿ.

ಇನ್ನು ಮನೆಯ ಮಾತಿಗೆ ಬರೋಣ. ಪ್ರವಚನ ಕೇಳಿ ಬಂದ ಹಿರಿಯರು 'ಧ್ವನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ' ಎಂದಾಗ ನಾವು ಅದನ್ನು ವಯಸ್ಸಿನ ಮರೆವೆಂದು ತಳ್ಳಿಹಾಕುತ್ತೇವೆ. ಅವರು ಹೇಳುವುದು ಅಕ್ಷರಶಃ ಸತ್ಯ. ವಯಸ್ಸಾದಂತೆ ಮೊದಲು ನಶಿಸುವುದು ಶಂಖದ ದ್ವಾರದ ಬಳಿಯ ಕೋಶಗಳು. ಸಕಾರ, ಶಕಾರ, ತಕಾರಗಳಂತಹ ವ್ಯಂಜನಗಳ ಸೂಕ್ಷ್ಮ ಧ್ವನಿಗಳು ಅಲ್ಲಿಯೇ ಗ್ರಹಿಸಲ್ಪಡತಕ್ಕವು. ಸ್ವರಾಕ್ಷರಗಳು ಉಳಿಯುತ್ತವೆ, ವ್ಯಂಜನಗಳು ಜಾರುತ್ತವೆ. ಛಾಂದೋಗ್ಯದ ವಾಕ್ಯದಲ್ಲಿ ಒಂದು ಅಕಾರವನ್ನು ಗುರುತಿಸಿ ಭೇದವನ್ನು ಸ್ಥಾಪಿಸಿದ ಆಚಾರ್ಯರ ಪರಂಪರೆಯವರಿಗೆ ಅಕ್ಷರಲೋಪವೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಶಿಸಿದ ರೋಮಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಅತಿಶಬ್ದವೂ ಅವನ್ನು ಕೊಲ್ಲುತ್ತದೆ. 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಇರಬಾರದೆಂದೂ, ಅದು ಮೂರು ಡೆಸಿಬೆಲ್ ಏರಿದರೆ ಕಾಲವನ್ನು ಅರ್ಧಕ್ಕೆ ಇಳಿಸಬೇಕೆಂದೂ ತಜ್ಞರು ಹೇಳುತ್ತಾರೆ. ಹಿರಿಯರಿಗೆ ಕೇಳಿಸಲೆಂದು ಧ್ವನಿವರ್ಧಕವನ್ನು ಏರಿಸಿದರೆ ಅವರಿಗೆ ಗದ್ದಲ ಹೆಚ್ಚುವುದೇ ಹೊರತು ಮಾತು ಸ್ಪಷ್ಟವಾಗದು. ಅದರೆದುರು ಕುಳಿತ ಮಕ್ಕಳ ಕಿವಿಗೆ ಹಾನಿಯೇ ಆದೀತು. ಕಣ್ಣಿಗಿರುವಂತೆ ಕಿವಿಗೆ ರೆಪ್ಪೆಯಿಲ್ಲ.

ಶ್ರವಣಯಂತ್ರವುಳ್ಳ ಕೆಲವರು ಮಡಿಯುಟ್ಟಾಗ ಅದನ್ನು ತೆಗೆದಿಟ್ಟು ಬರುವುದುಂಟು. ಕನ್ನಡಕ ಧರಿಸಿ ಸುಮಧ್ವವಿಜಯವನ್ನು ಪಾರಾಯಣ ಮಾಡುವಾಗ ಇಲ್ಲದ ಸಂಕೋಚ ಇದಕ್ಕೇಕೆ? ಸಂಶಯವುಳ್ಳವರು ತಮ್ಮ ಗುರುಗಳನ್ನು ಕೇಳಿ ನಿಶ್ಚಯಿಸಿಕೊಳ್ಳಲಿ. ಬರಿಯ ಊಹೆಯಿಂದ ಶ್ರವಣವನ್ನು ಕಳೆದುಕೊಳ್ಳುವುದು ಬೇಡ. ಕಿವಿ ಮಂದವಾದವರು ತುಟಿಯ ಚಲನೆಯನ್ನು ನೋಡಿ ಅರ್ಧ ಮಾತನ್ನು ಗ್ರಹಿಸುತ್ತಾರಾದ್ದರಿಂದ, ಕಂಬದ ಮರೆಯಲ್ಲಿ ಕೂರುವ ಅಂಥ ಹಿರಿಯರನ್ನು ಉಪನ್ಯಾಸಕರ ಮುಖ ಕಾಣುವಂತೆ ಮೊದಲ ಸಾಲಿಗೆ ಕರೆದು ಕೂರಿಸುವ ಕೆಲಸವನ್ನು ಮನೆಯ ಕಿರಿಯರು ವಹಿಸಿಕೊಳ್ಳಬೇಕು.

॥ ಶ್ರೀಕೃಷ್ಣಾರ್ಪಣಮಸ್ತು ॥