ಸೂರು ಮತ್ತು ಕಾಯಕ

ನಿರ್ಗತಿಕನಿಗೆ ಸೂರು ಕಲ್ಪಿಸುವುದು ದಾಸೋಹವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಸೂರು ಅವನನ್ನು ಕಾಯಕದಿಂದಲೇ ದೂರಮಾಡಿದರೆ ಅದನ್ನು ದಾಸೋಹವೆನ್ನಬಹುದೇ ಎಂಬುದು ವಿಚಾರಣೀಯವಾಗಿದೆ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ ಬಂದುದರಿಂದ ಜಂಗಮಕ್ಕೆ ನೀಡಿದವರು. ಅವರನ್ನು ಆ ಹುಲ್ಲಿನ ನೆಲೆಯಿಂದ ಹತ್ತು ಹರದಾರಿ ಆಚೆಗೊಯ್ದು ಸುಣ್ಣ ಬಳಿದ ಮನೆಯಲ್ಲಿ ಕೂಡಿಸಿದ್ದರೆ, ನೀಡುವ ಕೈಯೇ ಬೇಡುವ ಕೈಯಾಗುತ್ತಿತ್ತು.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳು 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಗೆ ಸೇರಿದವು. ಭತ್ತ, ಗೋವಿನಜೋಳ, ಹತ್ತಿ, ವೀಳ್ಯದೆಲೆಗಳ ಸೀಮೆಯಿದು. ಅಣ್ಣನವರ ಹೆಸರಿನ ಬಸವ ವಸತಿ ಯೋಜನೆಯಿಂದ ಇಲ್ಲಿಯೂ ಮನೆಗಳೆದ್ದಿವೆ. ಆದರೆ ಸುಗ್ಗಿ ತೀರಿದ ಮೇಲೆ ಕೂಲಿಯಿಲ್ಲದವನು ಹುಬ್ಬಳ್ಳಿಗೋ ಗೋವೆಗೋ ಹೊರಡುತ್ತಾನೆ. ಹೊಸ ಬಾಗಿಲಿಗೆ ಬೀಗ ಬೀಳುತ್ತದೆ, ಮುದುಕರು ಕಟ್ಟೆಯ ಮೇಲೆ ಉಳಿಯುತ್ತಾರೆ. ಅಧಿಕಾರಿಗಳ ದೋಷವೆಂದು ಕೈತೊಳೆದುಕೊಳ್ಳುವುದು ಸುಲಭ. ಮನೆಯನ್ನು ಎಣಿಸಿ ದುಡಿಮೆಯನ್ನು ಎಣಿಸದಿರುವ ದೃಷ್ಟಿ ದಾನಿಗಳಲ್ಲಿಯೂ ಉಂಟು.

ಇದಕ್ಕೆ ನಾಡಿನ ದೊಡ್ಡ ನಿದರ್ಶನವೆಂದರೆ ಬಾಗಲಕೋಟೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಭಾಗ ಮುಳುಗುವುದೆಂದು ಕೆಲವು ಮೈಲಿಗಳಾಚೆ ನವನಗರವನ್ನು ಕಟ್ಟಲಾಯಿತು. ಅದರ ಯೋಜನೆಯಲ್ಲಿ 1980ರ ದಶಕದಲ್ಲಿ ಪ್ರಸಿದ್ಧ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕೈಯಿತ್ತು. ಅಗಲವಾದ ದಾರಿಗಳು, ಸಾಲು ಸೆಕ್ಟರುಗಳು ಬಂದವು. ಆದರೆ ಅಂಗಡಿಯ ಹಿಂದೆಯೇ ಪಡಸಾಲೆ, ಪಡಸಾಲೆಯಲ್ಲಿಯೇ ಮಗ್ಗದ ಕುಣಿ, ಹಿತ್ತಲಿನಲ್ಲಿ ಎಮ್ಮೆ ಎಂಬ ಬಾಳುವೆಯನ್ನು ಪರಿಹಾರದ ಪಟ್ಟಿಯಲ್ಲಿ ಬರೆಯುವ ಬಗೆಯೆಂತು? ಗೋಡೆಗೆ ಬೆಲೆ ಕಟ್ಟಬಹುದು, ಗಿರಾಕಿಯ ಪರಿಚಯಕ್ಕೆ ಬೆಲೆ ಕಟ್ಟಲಾಗದು. ಅದೇ ಕೊರಿಯಾ ಅವರು ನವಿಮುಂಬಯಿಯ ಬೇಲಾಪುರದಲ್ಲಿ ಬಡವರ ಮನೆಗಳನ್ನು ಗೋಡೆಗೆ ಗೋಡೆ ತಾಗದಂತೆ, ಚಿಕ್ಕ ಅಂಗಳಗಳ ಸುತ್ತ ಇರಿಸಿದರು. ಸಂಸಾರ ಬೆಳೆದಂತೆ ಮನೆಯನ್ನು ಬೆಳೆಸಿಕೊಳ್ಳಲೆಂದು. ಸಣ್ಣ ಆದಾಯದವನಿಗೆ ಇದು ಸಲ್ಲುವ ಕ್ರಮ. ಒಂದು ಕೋಣೆ ಕಟ್ಟಿಕೊಳ್ಳಲಿ, ಮುಂದಿನದನ್ನು ಅವನ ಕಾಯಕವೇ ಕಟ್ಟಲಿ.

ಹಾಗಾದರೆ ಕೆಲಸ ಕೊಡುವವನೇ ಮನೆಯನ್ನೂ ಕೊಡಲೆಂದರೆ? ಭದ್ರಾವತಿಯಲ್ಲಿ 1923ರಿಂದ ಕಬ್ಬಿಣದ ಕಾರ್ಖಾನೆಯ ಬೆನ್ನಿಗೆ ಊರೇ ಬೆಳೆಯಿತು. ಕಾರ್ಖಾನೆ ಸೊರಗಿದಾಗ ಊರೂ ಸೊರಗಿತು. ಒಬ್ಬನೇ ಒಡೆಯನ ಕೈಯಲ್ಲಿ ಅನ್ನವೂ ಸೂರೂ ಇದ್ದರೆ ದುಡಿಯುವವನು ಬಾಯಿ ತೆರೆಯಲಾರ. ಶರಣರು ಕಾಯಕವೆಂದದ್ದು ಊಳಿಗವನ್ನಲ್ಲ. ಆದುದರಿಂದ ಹೊಸ ಊರಿನಲ್ಲಿ ನಾಲ್ಕಾರು ಬಗೆಯ ಉದ್ಯೋಗಗಳಿರಬೇಕು, ಮನೆಯ ಹಕ್ಕು ಮನೆಯವರದೇ ಆಗಿರಬೇಕು.

ಇನ್ನೊಂದು ಸಂಗತಿ ಗೃಹಸ್ಥರಿಗೇ ತಟ್ಟುವಂಥದು. ಉದ್ಯೋಗ ಬರುವುದೆಂಬ ಸುದ್ದಿ ಹಬ್ಬಿದೊಡನೆ ಹತ್ತಿರದ ನಿವೇಶನಗಳನ್ನು ಉಳ್ಳವರು ಕೊಂಡಿಡುತ್ತಾರೆ. ಕೂಲಿಕಾರನು ಬಸ್ಸಿನ ದಾರಿಯ ಕೊನೆಗೆ ಸರಿಯುತ್ತಾನೆ. ಮಾರಯ್ಯನವರು ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮನವರು ಮರಳಿ ಸುರಿದು ಬರಲು ಕಳುಹಿಸಿದರು. ಬಸವಜಯಂತಿಯಂದು ಸಾವಿರ ಮಂದಿಗೆ ಪ್ರಸಾದ ಮಾಡಿಸುವ ಭಕ್ತನ ಹೆಸರಿನಲ್ಲಿ ಮುಳ್ಳುತಂತಿ ಬಿಗಿದ ಬರಿಯ ನಿವೇಶನಗಳು ಮೂರಿದ್ದರೆ, ಅವನಿಗೆ ಆ ತಾಯಿ ಏನೆಂದಾರು?