ಬೆಳ್ಳಿ ಬಂಗಾರ ಕೊಟ್ಟು ಕೊಂಡ ಸ್ನೇಹ



ಕಳೆದ ವಾರ ಯೂತ್ ಮೀಟಿಂಗ್ ಮುಗಿದ ಮೇಲೆ ಒಬ್ಬ ತಮ್ಮ ಬಂದು ಕೇಳಿದ: "ಪಾಸ್ಟರ್, ಅಮೆರಿಕ ಇಸ್ರಾಯೇಲಿಗೆ ಇಷ್ಟೊಂದು ಕೊಡುತ್ತಲ್ಲ, ಅದರಿಂದ ಅಮೆರಿಕಕ್ಕೆ ಏನು ಲಾಭ?"

ನಾನು ಲೆಕ್ಕ ಕೊಟ್ಟೆ. 2016ರ ಒಪ್ಪಂದದ ಪ್ರಕಾರ 10 ವರ್ಷಕ್ಕೆ 38 ಬಿಲಿಯನ್ ಡಾಲರ್ ಮಿಲಿಟರಿ ಸಹಾಯ. ಆದರೆ ಅದರಲ್ಲಿ ಬಹುಪಾಲು ಆಯುಧದ ಆರ್ಡರ್ ಆಗಿ ಅಮೆರಿಕದ ಕಂಪನಿಗಳಿಗೇ ವಾಪಸ್ ಹೋಗುತ್ತೆ. 1966ರಲ್ಲಿ ಇರಾಕಿನ ಪೈಲಟ್ ಒಬ್ಬ ಸೋವಿಯತ್ ಮಿಗ್-21 ತಗೊಂಡು ಇಸ್ರಾಯೇಲಿನಲ್ಲಿ ಇಳಿದ; ಆಮೇಲೆ ಆ ವಿಮಾನ ಅಮೆರಿಕದವರ ಪರೀಕ್ಷೆಗೂ ಸಿಕ್ಕಿತು. ನಷ್ಟವೂ ಇದೆ. 1973ರ ಯುದ್ಧದಲ್ಲಿ ಅಮೆರಿಕ ಆಯುಧ ಕಳಿಸಿದಾಗ ಅರಬ್ ದೇಶಗಳು ಅದಕ್ಕೆ ಎಣ್ಣೆ ನಿಲ್ಲಿಸಿದವು. "ಕೂಡಿ ಕಳೆದರೆ ಲಾಭಾನೇ" ಅಂದೆ.

ಮನೆಗೆ ಹೋದೆ, ನಿದ್ದೆ ಬರಲಿಲ್ಲ. 2 ಪೂರ್ವಕಾಲವೃತ್ತಾಂತ 16 ನೆನಪಾಯಿತು.

ಬಾಷನು ರಾಮ ಪಟ್ಟಣವನ್ನು ಕಟ್ಟಿ ದಾರಿ ಮುಚ್ಚಿದಾಗ, ಯೆಹೂದದ ಅರಸನಾದ ಆಸನು ದೇವಾಲಯದ ಬೆಳ್ಳಿ ಬಂಗಾರ ತೆಗೆದು ಅರಾಮ್ಯರ ಬೆನ್ಹದದನಿಗೆ ಕಳಿಸಿದ. ಬೆನ್ಹದದ ಬಾಷನ ಜೊತೆ ಮಾಡಿದ್ದ ಒಡಂಬಡಿಕೆ ಮುರಿದು ಇವನ ಕಡೆ ಬಂದ. ಪ್ರಿಯರೇ, ಗಮನಿಸಿ: ಪ್ಲಾನ್ ಕೆಲಸ ಮಾಡಿತು! ಬಾಷ ಹಿಂದೆ ಸರಿದ. ಆದರೂ ದರ್ಶಿಯಾದ ಹನಾನಿ ಬಂದು ಅರಸನನ್ನು ಗದರಿಸಿದ. ಅಂದ್ರೆ, ಉಪಯೋಗ ಆಯಿತು ಅನ್ನೋದರಿಂದ ಸರಿ ಆಯಿತು ಅಂತ ಆಗಲ್ಲ.

ಲಾಭದ ಸ್ನೇಹ ಲಾಭ ಇರೋ ತನಕ ಮಾತ್ರ. 1956ರಲ್ಲಿ ಇಸ್ರಾಯೇಲ್ ಸಿನಾಯಿಯನ್ನು ಹಿಡಿದಾಗ ಐಸೆನ್‌ಹೋವರ್ ಒತ್ತಡ ಹಾಕಿದರು. 1957ರ ಮಾರ್ಚಿನಲ್ಲಿ ಅದು ಹಿಂದಕ್ಕೆ ಹೋಗಬೇಕಾಯಿತು. 1981ರಲ್ಲಿ ಇರಾಕಿನ ಅಣು ರಿಯಾಕ್ಟರ್ ಮೇಲೆ ಬಾಂಬ್ ಹಾಕಿದಾಗ ರೇಗನ್ ಸರ್ಕಾರ ಎಫ್-16 ವಿಮಾನಗಳನ್ನು ಕೆಲಕಾಲ ತಡೆಹಿಡಿಯಿತು. ರಾಜ್ಯಗಳು ನಡೆಯೋದೇ ಹಾಗೆ. ಆದರೆ ನಾವು ಅದನ್ನ ದೇವರ ಒಡಂಬಡಿಕೆ ಅಂತ ತಪ್ಪು ತಿಳಿಯಬಾರದು. ಆದಿಕಾಂಡ 12ರಲ್ಲಿ ದೇವರು ಅಬ್ರಾಮನನ್ನು ಕರೆದದ್ದು ಅವನಿಂದ ಏನೋ ಸಿಗುತ್ತೆ ಅಂತಲ್ಲ. ಕೃಪೆಯಿಂದ ಕರೆದ.

ಇನ್ನೊಂದು ಮಾತು. ಹನಾನಿ ಶತ್ರುವಲ್ಲ, ಆಸನ ಜನರಲ್ಲೇ ಒಬ್ಬ. ಪ್ರೀತಿಸಿದವನೇ ಸತ್ಯ ಹೇಳಿದ, ಸೆರೆಮನೆಗೂ ಹೋದ. 2023ರ ಅಕ್ಟೋಬರ್ 7ರಂದು ಇಸ್ರಾಯೇಲಿನಲ್ಲಿ ಸುಮಾರು 1,200 ಜನ ಕೊಲ್ಲಲ್ಪಟ್ಟರು. ನಾವು ಅತ್ತೆವು, ಉಪವಾಸ ಮಾಡಿದೆವು. ಅದೇ ತಿಂಗಳು 19ರಂದು ಇಸ್ರಾಯೇಲಿನ ದಾಳಿಯಿಂದ ಗಾಜಾದ ಸಂತ ಪೊರ್ಫೀರಿಯಸ್ ಚರ್ಚಿನ ಆವರಣದಲ್ಲಿ ಆಶ್ರಯ ಪಡೆದಿದ್ದ ನಮ್ಮ ಸಹೋದರ ಸಹೋದರಿಯರು ಸತ್ತರು. ಅವರಿಗಾಗಿ ನಾನು ಸಭೆಯಲ್ಲಿ ಒಂದು ಮಾತೂ ಪ್ರಾರ್ಥಿಸಲಿಲ್ಲ. ಯಾಕೆ? ಅವರು ನನ್ನ ಲೆಕ್ಕದಲ್ಲಿ ಇರಲಿಲ್ಲ.

ಈ ಲೆಕ್ಕ ನನ್ನ ಮನೆಯೊಳಗೂ ಇದೆ. ಸೇವೆಗೆ ಬರೋ ಮುಂಚೆ ನಾನು ಕೆಲಸದಲ್ಲಿದ್ದಾಗ ಒಬ್ಬ ಸ್ನೇಹಿತ ಇದ್ದ. ಅವನ ಕೆಲಸ ಹೋಯಿತು. ನಾನು ಫೋನ್ ಮಾಡೋದು ನಿಧಾನವಾಗಿ ನಿಂತುಹೋಯಿತು. ಜಗಳ ಆಗಿರಲಿಲ್ಲ. ಅವನಿಂದ ನನಗೆ ಇನ್ನು ಉಪಯೋಗ ಇರಲಿಲ್ಲ, ಅಷ್ಟೇ. ಮೊನ್ನೆ ಅವನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ.

ಆ ತಮ್ಮನಿಗೆ ಈಗ ನನ್ನ ಉತ್ತರ ಹೀಗೆ: ಲಾಭ ಎಷ್ಟು ಅಂತ ಸರ್ಕಾರಗಳು ಕೇಳಲಿ. ನೀನು ಕೇಳಬೇಕಾದ್ದು ಬೇರೆ. ಉಪಯೋಗ ಮುಗಿದ ದಿನವೂ ನಾನು ಜೊತೆಯಲ್ಲಿ ನಿಲ್ತೀನಾ? ಪ್ರೀತಿಸುವವನಿಗೆ ಸತ್ಯ ಹೇಳ್ತೀನಾ?

ಯೆರೂಸಲೇಮಿಗಾಗಿ, ಗಾಜಾಕ್ಕಾಗಿ, ನೀವು ಮರೆತ ಒಬ್ಬ ಸ್ನೇಹಿತನಿಗಾಗಿ ಈಗ ತಲೆಬಾಗಿ ಪ್ರಾರ್ಥಿಸೋಣ. ಆಮೆನ್.