ಕಟ್ಟಿದ ಕೈ ಮತ್ತು ಬಂಧವೆಂಬ ಅತಿಚಾರ

ಚಾಮರಾಜನಗರ, ಗುಂಡ್ಲುಪೇಟೆಗಳ ಮನೆಗಳಿಂದ ತೀವ್ರ ನಿಗಾ ಘಟಕಕ್ಕೆ ಸೇರಿದ ಹಿರಿಯರನ್ನು ನೋಡಲು ಹೋದ ಬಂಧುಗಳನ್ನು ಕೆಲವೊಮ್ಮೆ ಒಂದು ದೃಶ್ಯ ಕಲಕುತ್ತದೆ: ಬಾಯಿಯ ಮೂಲಕ ಶ್ವಾಸನಾಳಕ್ಕಿಳಿಸಿದ ಕೊಳವೆ, ಮಂಚದ ಕಂಬಿಗೆ ಪಟ್ಟಿಯಿಂದ ಕಟ್ಟಿದ ಕೈಗಳು. ಕೇಳಿದರೆ, ಕೊಳವೆಯನ್ನು ಕಿತ್ತುಕೊಳ್ಳದಿರಲೆಂದು ಹೀಗೆ ಮಾಡಿದೆ ಎಂಬ ಉತ್ತರ ಬರುತ್ತದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದೇ ಬಂಧ. ಹಾಗಾದರೆ ಈ ಕಟ್ಟು ಅತಿಚಾರವೆ? ಒಪ್ಪಿಗೆ ಕೊಟ್ಟ ಮಕ್ಕಳಿಗೂ ಅದರಲ್ಲಿ ಪಾಲಿದೆಯೆ?

ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯೊಡನೆ ಪರಂಪರೆಯು ಪೂಜ್ಯಪಾದಾಚಾರ್ಯರ ಹೆಸರನ್ನು ಜೋಡಿಸಿದೆ. ಜೀವಿಯು ಬಯಸಿದೆಡೆಗೆ ಹೋಗದಂತೆ ತಡೆಯುವುದೇ ಬಂಧವೆಂದು ಅವರ ‘ಸರ್ವಾರ್ಥಸಿದ್ಧಿ’ ವಿವರಿಸುತ್ತದೆ. ಆ ಅರ್ಥದಲ್ಲಿ ಆಸ್ಪತ್ರೆಯ ಪಟ್ಟಿಯೂ ಬಂಧವೇ ಸರಿ. ಆದರೆ ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಕಾಣುತ್ತದೆ. ಎಚ್ಚರಕ್ಕೆ ನೆರವಾಗಿ ಕಟ್ಟಿದರೋ, ಎಚ್ಚರಕ್ಕೆ ಬದಲಾಗಿ ಕಟ್ಟಿದರೋ ಎಂಬಲ್ಲಿ ಭೇದವಿದೆ.

ಈ ಭೇದ ಕೇವಲ ಶಾಸ್ತ್ರಚರ್ಚೆಯಲ್ಲ. ಕೊಳವೆ ಅಕಸ್ಮಾತ್ತಾಗಿ ಹೊರಬಂದವರಲ್ಲಿ ಅನೇಕರ ಕೈಗಳು ಆಗಲೂ ಕಟ್ಟಿಯೇ ಇದ್ದವೆಂಬುದು ಹಲವು ದೇಶಗಳ ವೈದ್ಯರಿಗೆ ಕಂಡುಬಂದಿದೆ. ಕೆಳಗೆ ಜಾರಿ, ತಲೆಯನ್ನೇ ಕೈಯ ಬಳಿಗೆ ಬಾಗಿಸುವವರುಂಟು. ಕಟ್ಟಿನಿಂದ ಭೀತಿಯೂ ಚಿತ್ತಭ್ರಮೆಯೂ ಹೆಚ್ಚುವುದುಂಟು. ನೋವಿಗೆ ತಕ್ಕ ಔಷಧ, ಕೊಳವೆಯನ್ನು ಭದ್ರವಾಗಿ ಅಂಟಿಸುವುದು, ರೋಗಿಯನ್ನು ಹೊರಳಿಸುವಾಗ ಒಬ್ಬರು ಅದನ್ನು ಹಿಡಿದಿರುವುದು, ಕೊಳವೆ ಇನ್ನೂ ಬೇಕೆ ಎಂದು ದಿನವೂ ಪರೀಕ್ಷಿಸುವುದು, ಇವೇ ನಿಜವಾದ ಕಾವಲು. ಹೀಗೆ ಕೊಳವೆ ಕಳಚಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದನ್ನು ಮತ್ತೆ ಹಾಕಬೇಕಾಗುವುದಿಲ್ಲ. ಅವರಲ್ಲಿ ಕೆಲವರಿಗೆ ಅದನ್ನು ತೆಗೆಯುವ ಕಾಲ ಮೊದಲೇ ಬಂದಿತ್ತೆಂದಾಯಿತು. ಉಳಿದವರಿಗಾದರೋ ನಿಮಿಷಗಳಲ್ಲಿಯೇ ಪ್ರಾಣಾಪಾಯ.

ಕೊಳವೆ ಕಿತ್ತ ಹಿರಿಯರಿಗೆ ಸಲ್ಲೇಖನದ ಮನಸ್ಸಿತ್ತೆಂದು ಸಮಾಧಾನ ತಂದುಕೊಳ್ಳುವುದು ಸಲ್ಲದು. ಸಲ್ಲೇಖನವು ಎಚ್ಚರದ ವ್ರತ. ಗಂಟಲಿನ ಬಾಧೆಯಿಂದ ಮಂಪರಿನಲ್ಲಿ ಕೈಯೆತ್ತಿದವರು ಯಾವ ವ್ರತವನ್ನೂ ಸ್ವೀಕರಿಸಿದವರಲ್ಲ. (ಅಂತಹ ಇಚ್ಛೆಯಿದ್ದರೆ ಆರೋಗ್ಯವಿರುವಾಗಲೇ ಮನೆಯವರೊಡನೆ ಆಡಿಡಬೇಕು.)

2021ರ ಮೇ ತಿಂಗಳ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಪ್ರಾಣವಾಯುವಿನ ಕೊರತೆಯ ನಡುವೆ, ಸರ್ಕಾರದ ಮೊದಲ ಲೆಕ್ಕದಂತೆಯೇ, 24 ರೋಗಿಗಳು ತೀರಿಕೊಂಡರು. ಒಬ್ಬರ ಉಸಿರು ಇನ್ನೊಬ್ಬರ ಎಚ್ಚರವನ್ನು ಎಷ್ಟು ಆಶ್ರಯಿಸಿದೆಯೆಂದು ಈ ಸೀಮೆಗೆ ಹೇಳಬೇಕಿಲ್ಲ. ಒಬ್ಬ ದಾದಿಗೆ ಹಲವು ರೋಗಿಗಳನ್ನು ಒಪ್ಪಿಸಿದಲ್ಲಿ ಪಟ್ಟಿಯ ಬಳಕೆ ಹೆಚ್ಚುತ್ತದೆ. ಆ ದೋಷವನ್ನು ಅವಳೊಬ್ಬಳ ಮೇಲೆ ಹೊರಿಸುವುದು ನ್ಯಾಯವಲ್ಲ. ಔಷಧದಾನಕ್ಕೆ ಹಣ ತೆಗೆದಿಡುವ ಬಸದಿಯ ಟ್ರಸ್ಟುಗಳು ಯಂತ್ರದೊಡನೆ ರಾತ್ರಿ ಪಾಳಿಯ ದಾದಿಯೊಬ್ಬಳ ಸಂಬಳವನ್ನೂ ಲೆಕ್ಕಕ್ಕೆ ತಂದುಕೊಳ್ಳಬಹುದು. ಬಂಧುಗಳು ಕೇಳಬಹುದಾದುದು ಇಷ್ಟು: ಕೈ ಕಟ್ಟಿದ್ದು ಯಾವಾಗ, ಮತ್ತೆ ಬಂದು ನೋಡುವವರಾರು, ಹತ್ತಿರ ಕುಳಿತು ಕೈ ಹಿಡಿದುಕೊಂಡರೆ ಅಷ್ಟು ಹೊತ್ತಾದರೂ ಬಿಚ್ಚಬಹುದೆ?